ಹಾಡುವವರು ನಡುವೆ ಬಂದು ನಿಲ್ಲಲಿ

ಪ್ರಶ್ನೆ: ಮೇಡಂ, ಹೊಸ ಸ್ಪೀಕರ್ ಜೋಡಿ ತಂದು ಎರಡು ತಿಂಗಳಾಯಿತು. ಗೆಳೆಯನ ಮನೆಯಲ್ಲಿ ಇದೇ ಮಾಡೆಲ್ ಕೇಳಿದ್ದೆ. ಅಲ್ಲಿ ಗಾಯಕಿ ಎರಡು ಸ್ಪೀಕರ್‌ಗಳ ನಡುವೆ ಬಂದು ನಿಂತು ಹಾಡಿದಂತಿತ್ತು. ನನ್ನ ಕೋಣೆಯಲ್ಲಿ ದನಿ ಎಡಕ್ಕೆ ವಾಲುತ್ತದೆ, ಹರಡಿಕೊಳ್ಳುತ್ತದೆ. ಸ್ಪೀಕರ್‌ಗಳ ನಡುವೆ 2.4 ಮೀಟರ್ ಅಂತರ, ನನಗೂ ಅಷ್ಟೇ ದೂರ. ಎಡ ಸ್ಪೀಕರ್ ಪಕ್ಕ ಅರ್ಧ ಮೀಟರ್‌ಗೇ ಗೋಡೆ, ಬಲಗಡೆ ತೆರೆದ ಜಾಗ. ಬೇರೆ ಸ್ಪೀಕರ್ ತಗೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಅಳತೆಗಳನ್ನು ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ ಅಂತ ನನಗನಿಸುತ್ತದೆ. ಆದರೂ ಒಂದು ಪರೀಕ್ಷೆ ಮಾಡಿ. ಆಂಪ್ಲಿಫೈಯರನ್ನು ಮಾನೋಗೆ ಹಾಕಿ (ಆಗ ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುತ್ತದೆ), ಇಲ್ಲವೇ ಒಬ್ಬರೇ ಹಾಡುವ ಹಳೆಯ ಮಾನೋ ರೆಕಾರ್ಡಿಂಗ್ ಹಾಕಿ. ದನಿ ಎಲ್ಲಿದೆ ಅಂತ ಗುರುತಿಟ್ಟುಕೊಳ್ಳಿ. ಈಗ ವೈರ್‌ಗಳನ್ನು ಇದ್ದಲ್ಲೇ ಬಿಟ್ಟು ಸ್ಪೀಕರ್ ಪೆಟ್ಟಿಗೆಗಳನ್ನು ಮಾತ್ರ ಅದಲು ಬದಲು ಮಾಡಿ. ವಾಲುವಿಕೆ ಬಲಕ್ಕೆ ಹೋದರೆ ತಪ್ಪು ಸ್ಪೀಕರಿನದು. ಎಡಕ್ಕೇ ಉಳಿದರೆ, ಆಂಪ್ಲಿಫೈಯರ್ ಹಿಂದೆ ಎಡ ಬಲ ವೈರ್‌ಗಳನ್ನು ಬದಲಿಸಿ ಮತ್ತೆ ಕೇಳಿ. ಆಗಲೂ ಎಡಕ್ಕೇ ಇದ್ದರೆ ಅದು ಕೋಣೆಯ ಕೆಲಸ. ನಿಮ್ಮದು ಹೀಗೇ ಆಗುತ್ತದೆ ಎಂದು ನನ್ನ ಊಹೆ.

ಯಾಕೆ ಅಂತ ಹೇಳುತ್ತೇನೆ. ನಡುವೆ ನಿಂತು ಹಾಡುವ ಆ ಗಾಯಕಿ ಅಲ್ಲಿ ಇಲ್ಲವಲ್ಲ. ಎರಡು ಸ್ಪೀಕರ್‌ಗಳಿಂದ ಒಂದೇ ದನಿ, ಒಂದೇ ಜೋರಿನಲ್ಲಿ, ಒಂದೇ ಹೊತ್ತಿಗೆ ಬಂದಾಗ ನಮ್ಮ ಮಿದುಳು ಅದನ್ನು ನಡುವೆ ನಿಲ್ಲಿಸಿಕೊಳ್ಳುತ್ತದೆ. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದಾಗ ಹಿಡಿದ ಎಳೆಯೂ ಇದಕ್ಕೆ ಸೇರಿದ್ದೇ. ಎರಡೂ ಸ್ಪೀಕರಿನ ದನಿ ಎರಡೂ ಕಿವಿಗೆ ಬೀಳುತ್ತದೆ. ಹಾಗಾಗಿ ಸ್ಪೀಕರ್‌ಗಳ ಜೋರಿನಲ್ಲಿ ಬರೀ ಒಂದಿಷ್ಟು ವ್ಯತ್ಯಾಸ ಮಾಡಿದರೂ, ಕೆಳಸ್ವರಗಳಲ್ಲಿ ಅದು ಕಿವಿಗಳ ಹತ್ತಿರ ಸಮಯದ ವ್ಯತ್ಯಾಸವಾಗಿ ಬದಲಾಗುತ್ತದೆ. ಪಕ್ಕದಿಂದ ಬಂದ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ತಲುಪಲು ಜಾಸ್ತಿ ಎಂದರೆ 0.7 ಮಿಲಿಸೆಕೆಂಡ್ ಸಾಕು. ಅಷ್ಟು ಸಣ್ಣ ಲೆಕ್ಕದ ಮೇಲೆ ನಿಂತಿರುವ ಚಿತ್ರ ಅದು.

ಈಗ ನಿಮ್ಮ ಗೋಡೆಗೆ ಬರೋಣ. ನಿಮ್ಮ ಅಳತೆಯಲ್ಲಿ ಎಡ ಸ್ಪೀಕರಿನ ದನಿ ನೇರವಾಗಿ 2.4 ಮೀಟರ್ ಬರುತ್ತದೆ. ಗೋಡೆಗೆ ಬಡಿದು ಬರುವುದು ಸುಮಾರು 3 ಮೀಟರ್. ಅಂದರೆ ನೇರ ದನಿ ಬಂದ 1.8 ಮಿಲಿಸೆಕೆಂಡಿಗೇ ಅದರ ನಕಲು ಬೆನ್ನಟ್ಟಿ ಬರುತ್ತದೆ, ಅದೂ ಎಡಗಡೆಯಿಂದ ಮಾತ್ರ. ಮಿದುಳು ದಿಕ್ಕನ್ನು ಮೊದಲು ಬಂದ ದನಿಯಿಂದಲೇ ಹಿಡಿಯುತ್ತದೆ, ನಿಜ. ಆದರೆ ನಕಲು ಇಷ್ಟು ಬೇಗ, ಇಷ್ಟು ಜೋರಾಗಿ ಬಂದರೆ ಎರಡನ್ನೂ ಕಲಸಿಬಿಡುತ್ತದೆ. ಎಡಗಡೆಯ ಜೋರು ಹೆಚ್ಚುತ್ತದೆ, ಗಾಯಕಿಯ ಬಾಯಿ ಅಗಲವಾಗುತ್ತದೆ.

ಬಲಗಡೆ ಜಾಗ ಇದೆ ಅಲ್ವಾ? ಎರಡೂ ಸ್ಪೀಕರ್, ನಿಮ್ಮ ಕುರ್ಚಿ, ಮೂರನ್ನೂ ಅರ್ಧ ಮೀಟರ್ ಬಲಕ್ಕೆ ಸರಿಸಿ. ಆಗ ನಕಲು ಸುಮಾರು 4 ಮಿಲಿಸೆಕೆಂಡ್ ತಡವಾಗುತ್ತದೆ, ದನಿಯೂ ತಗ್ಗುತ್ತದೆ. ಆಮೇಲೆ ನೀವು ಕುಳಿತುಕೊಳ್ಳಿ, ಮನೆಯವರೊಬ್ಬರು ಎಡಗೋಡೆಗೆ ಕನ್ನಡಿ ಹಿಡಿದು ಮೆಲ್ಲಗೆ ಸರಿಸುತ್ತಾ ಹೋಗಲಿ. ನಿಮಗೆ ಕನ್ನಡಿಯಲ್ಲಿ ಎಡ ಸ್ಪೀಕರಿನ ಟ್ವೀಟರ್, ಅಂದರೆ ಮೇಲುಸ್ವರ ಹೊರಡಿಸುವ ಪುಟ್ಟ ಭಾಗ, ಕಂಡ ಜಾಗವೇ ದನಿ ಬಡಿಯುವ ಜಾಗ. ಅಲ್ಲಿ ದಪ್ಪನೆಯದೇನಾದರೂ ಬೇಕು. ತೆಳ್ಳನೆಯ ಬಟ್ಟೆ ಮೇಲುಸ್ವರಗಳನ್ನಷ್ಟೇ ಹೀರುತ್ತದೆ. ಮನುಷ್ಯರ ದನಿಯ ತಿರುಳು ಹಾಗೇ ಬಡಿದು ಬರುತ್ತದೆ, ಹಾಡು ಮಂಕಾಗುತ್ತದೆ. ಸುಮಾರು 10 ಸೆಂ.ಮೀ. ದಪ್ಪದ ಗ್ಲಾಸ್‌ವೂಲ್ ಪ್ಯಾನಲ್ ಇದ್ದರೆ ಚೆನ್ನ. ಬೇರೆ ಬೇರೆ ಗಾತ್ರದ ಪುಸ್ತಕಗಳನ್ನು ತುಂಬಿದ ಕಪಾಟು ದನಿಯನ್ನು ಒಂದಿಷ್ಟು ಚದುರಿಸುತ್ತದೆ, ಅದೂ ಪರವಾಗಿಲ್ಲ.

ನನಗೂ ಇದೇ ಕಾಟವಿತ್ತು. ಎಡಕ್ಕೆ ಪುಸ್ತಕದ ಕಪಾಟು, ಬಲಕ್ಕೆ ದೊಡ್ಡ ಗಾಜಿನ ಕಿಟಕಿ. ದನಿ ಯಾವಾಗಲೂ ಬಲಕ್ಕೆ ಒಂದು ಗೇಣು ಸರಿದೇ ಇರುತ್ತಿತ್ತು. ನಾನು ವೈರ್ ಬದಲಿಸಿದೆ, ಸ್ಟ್ಯಾಂಡ್ ಬದಲಿಸಿದೆ. ಒಂದು ರಾತ್ರಿ ಹಾಸಿಗೆಯನ್ನು ಎತ್ತಿ ತಂದು ಕಿಟಕಿಗೆ ಒರಗಿಸಿದೆ. ವಾಪಸು ಬಂದು ಕೂರುವ ಮೊದಲೇ, ಇನ್ನೂ ನಡೆದು ಬರುತ್ತಿರುವಾಗಲೇ, ಕೋಣೆ ತಣ್ಣಗಾದ ಹಾಗನಿಸಿತು. ಕೂತೆ. ದನಿ ನಡುವೆ ಇತ್ತು. ಪದ ಶುರುವಾಗುವ ಮುಂಚೆ ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಿತು, ಆ ಉಸಿರಿಗೂ ಒಂದು ಜಾಗವಿತ್ತು. ಆವತ್ತು ಮಲಗಿದಾಗ ಎರಡು ಗಂಟೆ ಮೀರಿತ್ತು.

ಪ್ರಶ್ನೆ: ಇಮೇಜಿಂಗ್, ಅಂದರೆ ದನಿ ತನ್ನ ಜಾಗದಲ್ಲಿ ನಿಂತಂತೆ ಕೇಳಿಸುವುದು, ಚೆನ್ನಾಗಿರಬೇಕಾದರೆ ಸ್ಪೀಕರ್ ಕೊಳ್ಳುವಾಗ ಏನು ನೋಡಬೇಕು? ಸಣ್ಣ ಪೆಟ್ಟಿಗೆಯೇ ಮೇಲು ಎನ್ನುತ್ತಾರಲ್ಲ?

ಉತ್ತರ: ಅದರಲ್ಲಿ ಸತ್ಯವಿದೆ, ಆದರೆ ಸಣ್ಣದು ಎನ್ನುವುದೇ ಕಾರಣವಲ್ಲ. ಟ್ವೀಟರಿನಿಂದ ಹೊರಟ ದನಿ ಪೆಟ್ಟಿಗೆಯ ಮುಖದ ಮೇಲೆ ಹರಿದು ಅಂಚಿಗೆ ಬಂದಾಗ, ಅಂಚೇ ಇನ್ನೊಂದು ಪುಟ್ಟ ಸ್ಪೀಕರಿನಂತೆ ಸದ್ದು ಮಾಡುತ್ತದೆ. ಆಗ ದನಿ ಟ್ವೀಟರಿನಿಂದಷ್ಟೇ ಅಲ್ಲ, ಪೆಟ್ಟಿಗೆಯಿಂದಲೂ ಬಂದಂತಾಗಿ ಅದರ ಜಾಗ ನಮಗೆ ಗೊತ್ತಾಗಿಬಿಡುತ್ತದೆ. ಅಮೆರಿಕದ ಎಂಜಿನಿಯರ್ ಹ್ಯಾರಿ ಓಲ್ಸನ್ ಬೇರೆ ಬೇರೆ ಆಕಾರದ ಪೆಟ್ಟಿಗೆಗಳಲ್ಲಿ ಒಂದೇ ಬಗೆಯ ಡ್ರೈವರ್ (ಸದ್ದು ಹೊರಡಿಸುವ ಭಾಗ) ಇಟ್ಟು ಅಳೆದಿದ್ದರು. ಗೋಲದಲ್ಲಿ ದನಿ ನುಣುಪಾಗಿ ಬಂತು, ಚೌಕದಲ್ಲಿ ಏರಿಳಿತ ಎದ್ದು ಕಂಡಿತು. ಅದಕ್ಕೇ ಅಂಚುಗಳನ್ನು ದುಂಡಗೆ ಮಾಡುವುದು. ಬಿಬಿಸಿಯ ಎಲ್‌ಎಸ್‌3/5ಎ ಪುಟ್ಟ ಸ್ಪೀಕರಿನ ಟ್ವೀಟರ್ ಸುತ್ತ ಇರುವ ಉಣ್ಣೆಯ ಫೆಲ್ಟ್ ಕೂಡ ಇದಕ್ಕೇ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ವಿಷಯ ಪಕ್ಕಕ್ಕೆ ಹೋಗುವ ದನಿ. 2000 ಹರ್ಟ್ಸ್ ದನಿಯ ಅಲೆ ಸುಮಾರು 17 ಸೆಂ.ಮೀ. ಅಷ್ಟೇ ಅಗಲದ ವೂಫರ್ (ಕೆಳಸ್ವರದ ದೊಡ್ಡ ಡ್ರೈವರ್) ಅಲ್ಲಿಗೆ ಬರುವಾಗ ಟಾರ್ಚಿನ ಹಾಗೆ ಮುಂದಕ್ಕೆ ಮಾತ್ರ ಎಸೆಯಲು ಶುರು ಮಾಡಿರುತ್ತದೆ. ಅಲ್ಲಿಂದ ಕೆಲಸ ವಹಿಸಿಕೊಳ್ಳುವ ಪುಟ್ಟ ಟ್ವೀಟರ್ ಎಲ್ಲ ಕಡೆಗೂ ಚೆಲ್ಲುತ್ತದೆ. ನೇರ ಕೇಳಿದರೆ ಗೊತ್ತಾಗುವುದಿಲ್ಲ. ಗೋಡೆಯಿಂದ ಬರುವ ನಕಲಿನಲ್ಲಿ ಮಾತ್ರ ಬೇರೆಯೇ ದನಿ ಇರುತ್ತದೆ. ನಕಲಿಗೂ ಅಸಲಿಗೂ ಒಂದೇ ಗುಣ ಇದ್ದರೆ ಮಿದುಳು ಅದನ್ನು ಸಲೀಸಾಗಿ ಬದಿಗಿಡುತ್ತದೆ, ಇಲ್ಲದಿದ್ದರೆ ತಡವರಿಸುತ್ತದೆ. ಟ್ವೀಟರನ್ನು ತಟ್ಟೆಯಂಥ ತಗ್ಗಿನಲ್ಲಿ ಕೂರಿಸುವುದು, ವೂಫರಿನ ನಟ್ಟನಡುವೆಯೇ ಟ್ವೀಟರ್ ಇಡುವುದು, ಇವೆರಡೂ ಈ ಜಗಳ ಬಿಡಿಸುವ ದಾರಿಗಳು.

ಅಂಗಡಿಯಲ್ಲಿ ಹೀಗೆ ಮಾಡಿ. ಒಂದೇ ಸ್ಪೀಕರ್ ಹಾಕಿಸಿ, ಮಾತಿನ ರೆಕಾರ್ಡಿಂಗ್ ಕೇಳುತ್ತಾ ನಿಧಾನವಾಗಿ ಪಕ್ಕಕ್ಕೆ ನಡೆಯಿರಿ. ಮೇಲುಸ್ವರ ಮೆಲ್ಲಗೆ ಕಡಿಮೆಯಾಗುತ್ತಾ ಹೋಗಬೇಕು. ಒಂದು ಹೆಜ್ಜೆಗೆ ದನಿ ಬೇರೆಯವರದ್ದೇ ಆಗಿಬಿಟ್ಟರೆ ಬಿಟ್ಟುಬಿಡಿ. ಜೋಡಿಯ ಎರಡೂ ಸ್ಪೀಕರ್ ಒಂದೇ ತರಹ ಕೇಳಿಸುತ್ತವೆಯೇ ಎಂದೂ ನೋಡಿ.

ಪ್ರಶ್ನೆ: ಕೋಣೆಗೆ ಬಣ್ಣ ಹೊಡೆಸಿ ಮತ್ತೆ ಜೋಡಿಸಿದಾಗಿನಿಂದ ಹಾಡು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿಲ್ಲ. ಬಾಸ್ ಕೂಡ ಹೋಗಿದೆ.

ಉತ್ತರ: ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ತಿರುವುಮುರುವು ಆಗಿದೆ. ಆಂಪ್ಲಿಫೈಯರ್ ಆಫ್ ಮಾಡಿ ಸರಿಪಡಿಸಿ. ಐದು ನಿಮಿಷದ ಕೆಲಸ.

ಪ್ರಶ್ನೆ: ನಾವು ಮೂವರು ಸೋಫಾದಲ್ಲಿ ಕೂತು ಕೇಳುತ್ತೇವೆ. ನಡುವೆ ಕೂತವರಿಗೆ ಮಾತ್ರ ಚೆಂದ. ಉಳಿದಿಬ್ಬರಿಗೆ ಏನಾದರೂ ದಾರಿ ಇದೆಯೇ?

ಉತ್ತರ: ಪೂರ್ತಿ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಓದುಗರ 2.4 ಮೀಟರ್ ತ್ರಿಕೋನವನ್ನೇ ತೆಗೆದುಕೊಳ್ಳಿ. ನಡುವಿನಿಂದ 30 ಸೆಂ.ಮೀ. ಸರಿದರೆ ಸಾಕು, ದೂರದ ಸ್ಪೀಕರಿನ ದನಿ ಸುಮಾರು 0.9 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಅಷ್ಟಕ್ಕೆ ಗಾಯಕಿ ಹತ್ತಿರದ ಸ್ಪೀಕರಿಗೆ ಹೆಚ್ಚುಕಡಿಮೆ ಅಂಟಿಕೊಂಡುಬಿಡುತ್ತಾಳೆ.

ಆದರೆ ಸಮಯದಲ್ಲಿ ಕಳೆದುಕೊಂಡದ್ದನ್ನು ಜೋರಿನಲ್ಲಿ ಒಂದಿಷ್ಟು ವಾಪಸು ಪಡೆಯಬಹುದು. ಎರಡೂ ಸ್ಪೀಕರ್‌ಗಳನ್ನು ಚೆನ್ನಾಗಿ ಒಳಕ್ಕೆ ತಿರುಗಿಸಿ. ಅವುಗಳ ಮುಖದಿಂದ ನೇರ ಗೆರೆ ಎಳೆದರೆ ಆ ಎರಡು ಗೆರೆಗಳು ಸೋಫಾಗಿಂತ ಅರ್ಧ ಮೀಟರ್ ಮುಂದೆಯೇ ಒಂದನ್ನೊಂದು ದಾಟಬೇಕು. ಈಗ ಎಡಗಡೆ ಕೂತವರಿಗೆ ಎಡ ಸ್ಪೀಕರ್ ಓರೆಯಾಗಿ, ಮೆತ್ತಗೆ ಕೇಳಿಸುತ್ತದೆ. ದೂರದ ಬಲ ಸ್ಪೀಕರ್ ಅವರ ಕಡೆಗೇ ನೋಡುತ್ತಿರುತ್ತದೆ. ದನಿ ಮತ್ತೆ ನಡುವಿನ ಕಡೆಗೆ ಜರುಗುತ್ತದೆ. ಪಕ್ಕಕ್ಕೆ ನಡೆದಾಗ ದನಿ ಕೆಡದ ಸ್ಪೀಕರ್ ಆದರೆ ಮಾತ್ರ ಇದು ಫಲಿಸುತ್ತದೆ. ಮೂವರೂ ಸರದಿಯಲ್ಲಿ ಮೂರೂ ಜಾಗದಲ್ಲಿ ಕೂತು, ಒಮ್ಮೆಗೆ ಎರಡು ಮೂರು ಡಿಗ್ರಿಯಷ್ಟೇ ತಿರುಗಿಸುತ್ತಾ ನೋಡಿ. ಸರಿ ಎನಿಸಿದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿಡಿ, ಗುಡಿಸುವಾಗ ಸ್ಪೀಕರ್ ಜರುಗಿದರೂ ಮತ್ತೆ ಅಲ್ಲಿಗೇ ತರಬಹುದು.