ಗಿಡಗಳಿಗೆ ಎಲ್ಲ ರೋಗಗಳನ್ನೂ ತಡೆಯುವ ಶಕ್ತಿ ಇನ್ನೂ ಯಾಕೆ ಬಂದಿಲ್ಲ?

ಗಿಡಗಳೂ ರೋಗಾಣುಗಳೂ ಕೋಟಿಗಟ್ಟಲೆ ವರ್ಷಗಳಿಂದ ಜೊತೆಗಿವೆ, ಆದರೂ ಗಿಡಗಳು ಯಾಕೆ ಪೂರ್ತಿ ಗೆದ್ದಿಲ್ಲ ಎಂದು ಕೇಳಿದ್ದೀರಿ. ಸಸ್ಯರೋಗಗಳ ಬಗ್ಗೆ ಓದಲು ಶುರು ಮಾಡಿದಾಗ ನನ್ನನ್ನೂ ಕಾಡಿದ ಪ್ರಶ್ನೆ ಇದು. ಉತ್ತರ ಹೊಳೆದದ್ದು ಓಟ್ಸ್ ಬೆಳೆಗೆ ಬಂದ ಒಂದು ಗತಿಯನ್ನು ಓದಿದಾಗ.

ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್‌ನ ಚೂರು ಸಿಕ್ಕರೂ ಸಾಕು, ಗಿಡ ಎಚ್ಚರವಾಗುತ್ತದೆ. ರೋಗಾಣು ಸುಮ್ನೆ ಇರುತ್ತದೆಯೇ? ಆ ಎಚ್ಚರವನ್ನು ಅಡಗಿಸಲು ಎಫೆಕ್ಟರ್ ಎಂಬ ಪ್ರೋಟೀನುಗಳನ್ನು ಕೋಶದೊಳಕ್ಕೆ ತೂರಿಸುತ್ತದೆ. ಗಿಡದ ನಿರೋಧಕ ಜೀನ್‌ಗಳು ಆ ಎಫೆಕ್ಟರನ್ನೇ ಗುರುತು ಹಿಡಿಯುತ್ತವೆ. ಆಗ ಸೋಂಕು ತಗುಲಿದ ಕೋಶ ತಾನಾಗಿಯೇ ಸಾಯುತ್ತದೆ. ತುಕ್ಕು ರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಜೀವಂತ ಕೋಶ. ಕೋಶ ಸತ್ತರೆ ಅದಕ್ಕೂ ಊಟವಿಲ್ಲ. ಆದರೆ ಎಫೆಕ್ಟರ್ ಸ್ವಲ್ಪ ಬದಲಾದರೆ ಗಿಡ ಮತ್ತೆ ಮೋಸಹೋಗುತ್ತದೆ. ಗಿಡದ ಒಂದು ಜೀನಿಗೆ ಎದುರಾಗಿ ತುಕ್ಕಿನಲ್ಲೂ ಒಂದು ಜೀನ್ ಇರುತ್ತದೆ ಎಂದು ಅಗಸೆ ಗಿಡಗಳಲ್ಲಿ ತೋರಿಸಿಕೊಟ್ಟವರು ಅಮೆರಿಕದ ಸಸ್ಯರೋಗ ತಜ್ಞ ಹೆರಾಲ್ಡ್ ಫ್ಲೋರ್.

ಈಗ ಓಟ್ಸ್ ವಿಷಯ. 1940ರ ದಶಕದಲ್ಲಿ ಅಮೆರಿಕದಲ್ಲಿ ವಿಕ್ಟೋರಿಯಾ ಎಂಬ ತಳಿಯಿಂದ ತುಕ್ಕು ತಡೆಯುವ ಗುಣ ತಂದು ಹೊಸ ತಳಿಗಳನ್ನು ಮಾಡಿದರು. ತುಕ್ಕು ತಗ್ಗಿತು, ಎಲ್ಲ ಕಡೆ ಅವನ್ನೇ ಬಿತ್ತಿದರು. ಕೆಲವೇ ವರ್ಷಗಳಲ್ಲಿ ಬೇರೊಂದು ಶಿಲೀಂಧ್ರ ಆ ತಳಿಗಳನ್ನೇ ಹುಡುಕಿಕೊಂಡು ಬಂದಂತೆ ಒಣಗಿಸಿಬಿಟ್ಟಿತು. ಇದು ಸತ್ತ ಕೋಶ ತಿಂದು ಬದುಕುವ ಜಾತಿ. ಇದು ಬಿಡುವ ವಿಕ್ಟೋರಿನ್ ಎಂಬ ವಿಷ ತಗುಲಿದರೆ ಆ ತಳಿಯ ಕೋಶಗಳು ಸಾಯತೊಡಗುತ್ತವೆ. ಅಂದರೆ ತುಕ್ಕಿನಿಂದ ಉಳಿಸಿದ ಸಾವೇ ಇಲ್ಲಿ ಶತ್ರುವಿಗೆ ಊಟ ಬಡಿಸಿತು! ತುಕ್ಕು ತಡೆಯುವ ಗುಣವನ್ನು ಈ ರೋಗಕ್ಕೆ ಬಲಿಯಾಗುವ ಗುಣದಿಂದ ಬೇರ್ಪಡಿಸಲು ತಳಿ ತಜ್ಞರು ಎಷ್ಟು ಹೆಣಗಿದರೂ ಆಗಲಿಲ್ಲ. ಮುಂದೆ 2007ರಲ್ಲಿ, ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ವಿಕ್ಟೋರಿನ್‌ಗೆ ಬಲಿ ಮಾಡುವ ಜೀನ್ ಸಿಕ್ಕಿತು. ಅದೂ ನಿರೋಧಕ ಜೀನ್‌ಗಳ ಕುಟುಂಬದ್ದೇ. ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಬೆರಗಿನದು ಇನ್ನೊಂದಿಲ್ಲ.

ಇನ್ನು, ಕಾವಲು ಪುಕ್ಕಟೆ ಸಿಗುವುದಿಲ್ಲ ಅಲ್ವಾ? ಅರಬಿಡಾಪ್ಸಿಸ್‌ನಲ್ಲಿ ಆರ್‌ಪಿಎಂ1 ಎಂಬ ನಿರೋಧಕ ಜೀನ್ ಇದೆ. ರೋಗದ ಕಾಟವಿಲ್ಲದ ಹೊಲದಲ್ಲಿ ಬೆಳೆಸಿ ನೋಡಿದಾಗ, ಈ ಜೀನ್ ಇದ್ದ ಗಿಡಗಳು ಇಲ್ಲದವಕ್ಕಿಂತ ಶೇ. 9ರಷ್ಟು ಕಡಿಮೆ ಬೀಜ ಕೊಟ್ಟವು ಎಂದು 2003ರಲ್ಲಿ ವರದಿಯಾಯಿತು. ರೋಗ ಜಾಸ್ತಿ ಇದ್ದರೆ ಜೀನ್ ಇದ್ದವಕ್ಕೆ ಲಾಭ, ಇಲ್ಲದಿದ್ದರೆ ಇಲ್ಲದವಕ್ಕೆ. ಹೀಗಾಗಿ ಜೀನ್ ಇರುವ ಗಿಡ, ಇಲ್ಲದ ಗಿಡ ಎರಡೂ ಬಹಳ ಹಿಂದಿನಿಂದ ಇಂದಿನವರೆಗೂ ಒಟ್ಟಿಗೇ ಉಳಿದುಕೊಂಡು ಬಂದಿವೆ.