ಕೆರೇಲಿ ಒಬ್ಬನೇ ಈಜ್ತೀನಿ, ತಪ್ಪಾ ಸಾರ್?

ಪ್ರಶ್ನೆ: ಸಾರ್ ನಮಸ್ತೆ. ನಮ್ಮದು ಬಂಗಾರಪೇಟೆ ತಾಲ್ಲೂಕು, ವಯಸ್ಸು 46, ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರ್ತೀನಿ. ಮಂಡಿ ನೋವು ಅಂತ ಹೋದ್ರೆ ಡಾಕ್ಟರು ಜಾಸ್ತಿ ನಡೀಬೇಡಿ, ಈಜೋಕೆ ಬಂದ್ರೆ ಈಜಿ ಅಂದ್ರು. ಚಿಕ್ಕಂದಿನಲ್ಲಿ ನಮ್ಮ ತೋಟದ ಬಾವೀಲಿ ಬೆಂಡು ಕಟ್ಕೊಂಡು ಕಲಿತಿದ್ದು, ಮರೆತಿಲ್ಲ. ಈಜುಕೊಳ ದೂರ, ಅದಕ್ಕೆ ಎಂಟು ತಿಂಗಳಿಂದ ಊರ ಕೆರೇಲಿ ಬೆಳಗ್ಗೆ ಐದೂವರೆಗೆ ಒಬ್ಬನೇ ಇಳೀತೀನಿ, ಏರಿಯಿಂದ ಆಚೆ ದಡಕ್ಕೆ ಹೋಗಿ ವಾಪಸ್ ಬರೋದು. ಶುಗರ್ ಇದೆ, ಮಾತ್ರೆ ತಗೊಳ್ತೀನಿ. ಮನೆಯವಳು ದಿನಾ ಜಗಳ ಆಡ್ತಾಳೆ. ಈಜು ಬರೋನಿಗೆ ಏನು ಭಯ ಅಂತ ಅವಳಿಗೆ ನೀವೇ ಹೇಳಿ.

ಉತ್ತರ: ಹೇಳಲ್ಲ, ನಾನು ಅವರ ಕಡೆ! ಆದ್ರೆ ಈಜು ಬಿಡಿ ಅಂತಾನೂ ಹೇಳಲ್ಲ, ಮಂಡಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ನಾನೂ ಬಾವೀಲಿ ಕಲಿತವನೇ. ಬಾವಿ ಈಜಿನ ವಿಷಯ ಏನಪ್ಪಾ ಅಂದ್ರೆ ಎಲ್ಲಿ ಸುಸ್ತಾದ್ರೂ ನಾಲ್ಕು ಸಲ ಕೈ ಬೀಸಿದ್ರೆ ಕಲ್ಲು ಸಿಗುತ್ತೆ, ಮೇಲೆ ಮಾವನೋ ಚಿಕ್ಕಪ್ಪನೋ ಬಯ್ಕೊಂಡು ನಿಂತಿರ್ತಾನೆ. ಕೆರೇಲಿ ಹಿಡ್ಕೊಳ್ಳೋಕೆ ಏನೂ ಇಲ್ಲ. ಇಪ್ಪತ್ತೆಂಟನೇ ವಯಸ್ಸಲ್ಲಿ ಮುಳಬಾಗಿಲು ಕಡೆ ಒಂದು ಕೆರೇಲಿ ನಡುಮಧ್ಯೆ ನನಗೆ ಮೀನಖಂಡ ಹಿಡ್ಕೊಂತು, ಕಾಲು ಕಲ್ಲಾಗೋಯ್ತು, ಕೂಗೋಣ ಅಂದ್ರೆ ಬಾಯಿಗೆ ನೀರು, ಕೂಗಿದ್ರೂ ಕೇಳೋಕೆ ಏರಿ ಮೇಲೆ ಇದ್ದಿದ್ದು ಎರಡು ಎಮ್ಮೆ. ಅಂಗಾತ ಮಲಗಿ ತೇಲ್ತಾ, ಆ ಕಾಲಿನ ಬೆರಳು ಹಿಡಿದು ನನ್ನ ಕಡೆಗೆ ಎಳ್ಕೊಂಡು ಎಳ್ಕೊಂಡು ಸರಿ ಮಾಡ್ಕೊಂಡೆ, ಆಮೇಲೆ ಬೆನ್ನ ಮೇಲೇ ದಡಕ್ಕೆ ಬಂದೆ. ಅವತ್ತು ಬದುಕಿದ್ದು ತೇಲೋಕೆ ಬರ್ತಿತ್ತು ಅಂತ ಅಷ್ಟೇ. ನಿಮಗೆ ಅಲ್ಲಾಡದೆ ಅಂಗಾತ ಹತ್ತು ನಿಮಿಷ ತೇಲೋಕೆ ಆಗುತ್ತಾ? ಆಗಲ್ಲ ಅಂದ್ರೆ ಮೊದಲು ಎದೆಮಟ್ಟದ ನೀರಲ್ಲಿ ಅದನ್ನ ಕಲೀರಿ, ಆಚೆ ದಡ ಎಲ್ಲೂ ಹೋಗಲ್ಲ.

ಆಚೆ ದಡ ಅಂದ್ನಲ್ಲ, ಅದೇ ನಿಮ್ಮ ದೊಡ್ಡ ತಪ್ಪು. ನೀರಿನ ಮೇಲೆ ದೂರ ಯಾವತ್ತೂ ಕಮ್ಮಿ ಕಾಣುತ್ತೆ, ಅಡ್ಡಡ್ಡ ದಾಟೋಕೆ ಹೋದ್ರೆ ಸುಸ್ತಾಗೋದು ಕರೆಕ್ಟಾಗಿ ನಡುಮಧ್ಯದಲ್ಲೇ. ದಡದ ಉದ್ದಕ್ಕೆ ಈಜಿ, ಕಾಲು ಸಿಗೋ ಜಾಗದಿಂದ ಏಳೆಂಟು ಮೀಟರ್ ಒಳಗೆ ಇದ್ರೆ ಸಾಕು, ಅಷ್ಟೇ ದೂರ ಈಜಿದ ಹಾಗೂ ಆಯ್ತು. ಏರಿ ಮೇಲಿನ ಒಂದು ಹುಣಸೆ ಮರನೋ ಗುಡಿನೋ ಗುರುತು ಇಟ್ಕೊಂಡು ಆಗಾಗ ತಲೆ ಎತ್ತಿ ನೋಡ್ಕೊಳ್ಳಿ, ಯಾಕಂದ್ರೆ ಕೆರೆ ನೀರಲ್ಲಿ ನಮ್ಮ ಕೈಯೇ ನಮಗೆ ಕಾಣಲ್ಲ, ಸೊಟ್ಟಕ್ಕೆ ಹೋಗಿರೋದು ಗೊತ್ತೇ ಆಗಲ್ಲ. ಐದೂವರೆ ಬೇಡ. ಬೆಳಕು ಹರೀಲಿ.

ಇನ್ನು ಕೆರೆ ಒಳಗಡೆ ಏನಿದೆ ಅಂತ ನಿಮಗೆ ಗೊತ್ತಾ? ನಮ್ಮ ಕಡೆ ಕೆರೆ ಅಂಗಳದಲ್ಲಿ ಜಾಲಿ ಮರ ಬೆಳೆದಿರುತ್ತೆ, ನೀರು ತುಂಬಿದ್ರೆ ಅದು ಒಳಗೇ ಮುಳ್ಳು ಸಮೇತ ನಿಂತಿರುತ್ತೆ. ಬೇಸಿಗೇಲಿ ಹೊಲಕ್ಕೆ ಗೋಡು, ಅಂದ್ರೆ ಕೆರೆ ಮಣ್ಣು, ಹೊಡೆಯೋಕೆ ಜೇಸಿಬಿಲಿ ಅಗೆದಿರೋ ಗುಂಡಿ ಇರುತ್ತೆ, ಸೊಂಟದುದ್ದ ನೀರಲ್ಲಿ ನಡ್ಕೊಂಡು ಹೋಗ್ತಿದ್ದೋನು ಒಂದು ಹೆಜ್ಜೆ ಮುಂದಿಟ್ರೆ ಎರಡಾಳು ಆಳ. ಮೀನಿನ ಟೆಂಡರ್ ಆಗಿರೋ ಕೆರೇಲಿ ನೈಲಾನ್ ಬಲೆ, ಕಾಲಿಗೆ ಸಿಕ್ಕಿದ್ರೆ ಒದ್ದಷ್ಟೂ ಸುತ್ಕೊಳ್ಳುತ್ತೆ. ತೂಬಿನ ಹತ್ರ ಸೆಳೆತ, ಕೋಡಿ ಬಿದ್ದಿದ್ರೆ ಅಲ್ಲೂ ಸೆಳೆತ, ಆ ಎರಡು ಜಾಗದ ಹತ್ರ ಸುಳೀಲೇಬೇಡಿ. ಆಮೇಲೆ ಅಂತರಗಂಗೆ, ಕೋಲಾರದ ಬೆಟ್ಟ ಅಲ್ಲ, ನೀರ ಮೇಲೆ ಹಬ್ಬುತ್ತಲ್ಲ ಆ ಕಳೆ, ಅದರೊಳಗೆ ನುಗ್ಗಿದ್ರೆ ಕೈ ಬೀಸೋಕೂ ಆಗಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಈಜೋ ಕೆರೆನ ಏಪ್ರಿಲಲ್ಲಿ ನೀರು ಇಳಿದಾಗ ಒಂದು ಸಲ ನಡೆದು ನೋಡಿ ಅಂತ. ಚಪ್ಪಲಿ ಹಾಕ್ಕೊಂಡು ಅಂಗಳ ಪೂರ್ತಿ ಸುತ್ತಿ, ಗುಂಡಿ ಎಲ್ಲಿ, ಮೋಟು ಎಲ್ಲಿ, ಕಲ್ಲು ಎಲ್ಲಿ ಅಂತ ಫೋನಲ್ಲಿ ಫೋಟೋ ಹೊಡ್ಕೊಂಡು ಬನ್ನಿ. ನೀರು ಇಳಿಯೋದೇ ಇಲ್ಲ ಅಂದ್ರೆ ನೀರುಗಂಟಿ, ಅಂದ್ರೆ ಗದ್ದೆಗಳಿಗೆ ಕೆರೆ ನೀರು ಬಿಡ್ತಿದ್ದೋನು, ಅವನ ಮನೆ ಹುಡುಕಿ. ಈಗ ಎಷ್ಟೋ ಊರಲ್ಲಿ ನೀರುಗಂಟಿ ಕೆಲಸ ನಿಂತು ಹೋಗಿದೆ ನಿಜ, ಆದ್ರೂ ಆ ಮನೆಯ ಹಿರೀಕರಿಗೆ ಕೆರೆ ಅಂಗಳ ಅಂಗೈ ಥರ ಗೊತ್ತಿರುತ್ತೆ, ಒಂದು ಟೀ ಕುಡಿಸಿದ್ರೆ ಒಂದು ಗಂಟೆ ಹೇಳ್ತಾರೆ.

ನಿಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತಾ, ಅದನ್ನ ನೀವು ಬರೆದಿಲ್ಲ. 2018ರಿಂದ ಕೋಲಾರದ ಕೆರೆಗಳಿಗೆ ಬರ್ತಿರೋದು ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧ ಮಾಡಿದ್ದು, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿದೂ ಅದೇ ಕತೆ. ಅದನ್ನ ಬಿಡ್ತಿರೋದು ಅಂತರ್ಜಲ ಏರಲಿ ಅಂತ, ಬೋರ್‌ವೆಲ್‌ಗಳಿಗೆ ಜೀವ ಬರ್ಲಿ ಅಂತ, ನಾವು ಬಾಯಿ ಬಿಟ್ಕೊಂಡು ಈಜೋಕಲ್ಲ. ಅಂಥ ಕೆರೆ ಆಗಿದ್ರೆ ನಿಮಗೆ ನನ್ನ ಉತ್ತರ ಒಂದೇ ಮಾತು, ಬೇಡ. ಮಳೆ ನೀರಿನ ಕೆರೆ ಆದ್ರೂ ಕಾಲಲ್ಲಿ ಗಾಯ ಇದ್ರೆ ಇಳೀಬೇಡಿ, ಇಲಿ ಜ್ವರ ಬರೋದು ಇಂಥ ನೀರಿಂದಾನೇ, ಅದೂ ಅಲ್ದೆ ಶುಗರ್ ಇರೋರ ಗಾಯ ಬೇಗ ಮಾಯಲ್ಲ.

ಶುಗರ್ ಮಾತ್ರೆ ಯಾವುದು ಅಂತ ಚೀಟಿ ನೋಡಿ. ಇನ್ಸುಲಿನ್ ಆಗ್ಲಿ ಗ್ಲಿಮಿಪಿರೈಡ್ ಥರದ್ದಾಗ್ಲಿ ಇದ್ರೆ ಬೆಳಗ್ಗೆ ಖಾಲಿ ಹೊಟ್ಟೇಲಿ ಮುಕ್ಕಾಲು ಗಂಟೆ ಈಜಿದ್ರೆ ಶುಗರ್ ಇಳಿದುಬಿಡಬಹುದು, ಕೈ ನಡುಗಿ ಕಣ್ಣು ಮಂಜಾಗೋದು ನೆಲದ ಮೇಲೆ ಆದ್ರೆ ಕೂತ್ಕೋತೀರಿ, ನೀರಲ್ಲಿ ಎಲ್ಲಿ ಕೂರ್ತೀರಿ? ಇದನ್ನ ನಿಮ್ಮ ಡಾಕ್ಟರ್ ಹತ್ರ ಮಾತಾಡದೆ ನಾಳೆ ಇಳೀಬೇಡಿ. ಫಿಟ್ಸ್ ಇರೋರಂತೂ ಒಬ್ಬರೇ ನೀರಿಗೆ ಇಳೀಲೇಬಾರದು.

ಸೊಂಟಕ್ಕೆ ಕಟ್ಕೊಂಡು ಹಿಂದೆ ತೇಲಿಸ್ಕೊಂಡು ಹೋಗೋ ಕಿತ್ತಳೆ ಬಣ್ಣದ ಗಾಳಿ ಬ್ಯಾಗು ಆನ್‌ಲೈನಲ್ಲಿ ಸಿಗುತ್ತೆ, ತಗೊಳ್ಳಿ. ದೂರದಿಂದ ಕಾಣುತ್ತೆ, ಸುಸ್ತಾದ್ರೆ ಅಪ್ಪಿಕೊಂಡು ತೇಲಬಹುದು. ದುಡ್ಡು ದಂಡ ಅನ್ಸಿದ್ರೆ ಮುಚ್ಚಳ ಬಿಗಿಯಾಗಿರೋ 5 ಲೀಟರ್ ಖಾಲಿ ಎಣ್ಣೆ ಕ್ಯಾನು ಸಾಕು, ಅದು ಹತ್ತಿರ ಹತ್ತಿರ 5 ಕೆಜಿ ಭಾರ ಎತ್ತಿ ಹಿಡಿಯುತ್ತೆ, ಶಾಂತವಾಗಿದ್ರೆ ತಲೆ ನೀರಿನ ಮೇಲೆ ಇಡೋಕೆ ಅಷ್ಟು ಸಾಕು. ಹಗ್ಗ ಮಾತ್ರ ಉದ್ದ ಬೇಡ, ಒಂದೇ ಎಳೆತಕ್ಕೆ ಬಿಚ್ಚೋ ಗಂಟು ಹಾಕಿ, ಇಲ್ಲಾಂದ್ರೆ ಜಾಲಿ ಕೊಂಬೆಗೆ ಸಿಕ್ಕಿ ಅದೇ ನಿಮ್ಮನ್ನ ಕಟ್ಟಿಹಾಕುತ್ತೆ.

ಇಷ್ಟೆಲ್ಲ ಮಾಡಿದ್ರೂ ದಡದಲ್ಲಿ ಒಬ್ಬರು ಬೇಕು. ನೀರಲ್ಲಿ ಒಬ್ಬನೇ ಇರಿ, ಕೆರೆ ಹತ್ರ ಒಬ್ಬನೇ ಇರಬೇಡಿ. ಜಗಳ ಆಡ್ತಾರೆ ಅಂದ್ರಲ್ಲ, ನಿಮ್ಮ ಮನೆಯವರನ್ನೇ ಕರ್ಕೊಂಡು ಹೋಗಿ, ಏರಿ ಮೇಲೆ ವಾಕಿಂಗ್ ಮಾಡ್ಲಿ.

ಪ್ರಶ್ನೆ: ಚಿಂತಾಮಣಿಯಿಂದ ಬರೀತಿದೀನಿ ಸಾರ್. ನನ್ನ ತಮ್ಮ ಈಜ್ತಾನೆ, ಅಮ್ಮ ನನ್ನ ಕಾವಲು ಕಳಿಸ್ತಾರೆ. ನನಗೆ ಈಜೋಕೆ ಬರಲ್ಲ. ಏನಾದ್ರೂ ಆದ್ರೆ ನಾನು ಏನು ಮಾಡ್ಲಿ?

ಉತ್ತರ: ಮೊದಲನೇದಾಗಿ ಫೋನ್ ನೋಡ್ತಾ ಕೂರ್ಬೇಡಮ್ಮಾ. ಮುಳುಗೋರು ಸಿನಿಮಾದಲ್ಲಿ ತೋರಿಸೋ ಹಾಗೆ ಕೈ ಬೀಸಿ ಕಾಪಾಡಿ ಅಂತ ಕೂಗಲ್ಲ, ಬಾಯಿ ನೀರಿಂದ ಮೇಲೆ ಬಂದಾಗ ಉಸಿರು ಎಳ್ಕೊಳ್ಳೋಕೇ ಸಮಯ ಸಾಲಲ್ಲ, ಇನ್ನು ಕೂಗೋದೆಲ್ಲಿ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ, ಮುಂದಕ್ಕೆ ಹೋಗ್ದೆ ನಿಂತಲ್ಲೇ ಮೆಟ್ಟಿಲು ಹತ್ತೋ ಥರ ಆಡ್ತಿದ್ರೆ ಅದೇ ಮುಳುಗ್ತಿರೋದು. ಒಂದು ನಿಮಿಷಾನೂ ಸಿಗದೇ ಇರಬಹುದು.

ನೀನು ಮಾತ್ರ ಹಾರಬೇಡ. ಹಿಡಿಯೋಕೆ ಹೋದೋರನ್ನೇ ಅಪ್ಪಿ ಒಳಗೆ ಎಳೀತಾರೆ, ನಮ್ಮ ಕಡೆ ಪೇಪರಲ್ಲಿ ಅಣ್ಣ ತಮ್ಮ ಇಬ್ಬರೂ ಅಂತ ಬರುತ್ತಲ್ಲ, ಎರಡನೇ ಜೀವ ಹೋಗೋದು ಹೀಗೇ. ದಿನಾ ಹೋಗುವಾಗ ಒಂದು ಉದ್ದ ಹಗ್ಗಕ್ಕೆ ಖಾಲಿ ಕ್ಯಾನು ಕಟ್ಕೊಂಡು ಹೋಗು, ಅದನ್ನ ಎಸಿ. ಮರೆತಿದ್ರೆ ಬೊಂಬು, ದುಪಟ್ಟಾ, ಏನಾದ್ರೂ ಸರಿ, ಆದ್ರೆ ನೆಲದ ಮೇಲೆ ಮಲ್ಕೊಂಡು ಚಾಚು, ನಿಂತ್ಕೊಂಡು ಚಾಚಿದ್ರೆ ನೀನೂ ಒಳಗೆ. ಜೋರಾಗಿ ಕೂಗಿ ಜನ ಸೇರಿಸು, 112ಕ್ಕೆ ಫೋನ್ ಮಾಡು.

ಮೇಲೆ ಎಳೆದ ಮೇಲೆ ಊರಿನೋರು ಮಾಡೋ ಕೆಲಸ ನೋಡಿ ನನಗೆ ಹೊಟ್ಟೆ ಉರಿಯುತ್ತೆ, ಹೊಟ್ಟೆ ಅಮುಕೋದು, ಕಾಲು ಹಿಡಿದು ತಲೆಕೆಳಗೆ ಎತ್ತಿ ಗರಗರ ತಿರುಗಿಸೋದು, ಈಗ ವಾಟ್ಸಾಪಲ್ಲಿ ಹೆಣನ ಉಪ್ಪಿನ ರಾಶೀಲಿ ಹೂತ್ರೆ ಎದ್ದು ಬರ್ತಾನೆ ಅನ್ನೋದು ಬೇರೆ. ಇದ್ಯಾವುದರಿಂದಾನೂ ಜೀವ ಬರಲ್ಲ, ಇದ್ದ ನಾಲ್ಕು ನಿಮಿಷ ಹೋಗುತ್ತೆ. ಬೇಕಾಗಿರೋದು ಉಸಿರು. ಉಸಿರಾಟ ಇಲ್ಲ ಅಂದ್ರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡು ಸಲ ಊದಿ, ಎದೆ ಏಳೋದು ಕಾಣ್ಬೇಕು. ಆಮೇಲೆ ಎದೆ ನಡುವೆ ಎರಡೂ ಕೈ ಇಟ್ಟು 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ಲೆಕ್ಕ, ದೊಡ್ಡೋರಿಗೆ ಎದೆ ಕಮ್ಮಿ ಅಂದ್ರೂ 5 ಸೆಂಟಿಮೀಟರ್ ಕೆಳಗೆ ಇಳೀಬೇಕು, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸ್ಬಾರದು. ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು, ಎದೆಯೊಳಗೆ ಹೋದ ನೀರು ಗಂಟೆಗಳಾದ್ಮೇಲೆ ಕಾಟ ಕೊಡುತ್ತೆ. ಬಾಯಿಗೆ ಬಾಯಿ ಊದೋದನ್ನ ಓದಿ ಕಲಿಯೋಕಾಗಲ್ಲ, ಎಲ್ಲಾದ್ರೂ ಟ್ರೈನಿಂಗ್ ಕೊಟ್ರೆ ಬಿಡದೆ ಹೋಗು.

ನಿನ್ನ ತಮ್ಮನಿಗೂ ಒಂದು ಮಾತು ಹೇಳು. ಜೋರಾಗಿ ಹತ್ತಿಪ್ಪತ್ತು ಸಲ ಉಸಿರು ಎಳೆದು ಬಿಟ್ಟು ಆಮೇಲೆ ಮುಳುಗಿ ಯಾರು ಜಾಸ್ತಿ ಹೊತ್ತು ಇರ್ತಾರೆ ಅಂತ ಹುಡುಗ್ರು ಪಂದ್ಯ ಕಟ್ತಾರಲ್ಲ, ಅದು ಬೇಡ. ಹಾಗೆ ಎಳೆದು ಬಿಟ್ರೆ ಆಮ್ಲಜನಕ ಏನೂ ಜಾಸ್ತಿ ಆಗಲ್ಲ, ಉಸಿರು ಬೇಕು ಅಂತ ಮೆದುಳಿಗೆ ಹೇಳೋ ಇಂಗಾಲದ ಡೈಆಕ್ಸೈಡ್ ಕಮ್ಮಿ ಆಗುತ್ತೆ, ಒಳಗಡೆ ಸಂಕಟಾನೇ ಆಗ್ದೆ ಪ್ರಜ್ಞೆ ತಪ್ಪಿಬಿಡುತ್ತೆ.

ಪ್ರಶ್ನೆ: ನಮ್ಮದು ಶ್ರೀನಿವಾಸಪುರ, ಮಾವಿನ ತೋಟ. ಕೃಷಿ ಹೊಂಡದಲ್ಲಿ ಮಕ್ಕಳು ಈಜಬಹುದಾ? ಆಳ ಜಾಸ್ತಿ ಇಲ್ಲ.

ಉತ್ತರ: ಬೇಡವೇ ಬೇಡ. ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಮೇಲೆ ಪಾಚಿ ಕಟ್ಟಿರುತ್ತೆ, ಈಜು ಬರೋ ಗಟ್ಟಿ ಆಳೂ ಮೇಲೆ ಹತ್ತೋಕಾಗಲ್ಲ, ಜಾರಿ ಜಾರಿ ಸುಸ್ತಾಗಿ ಹೋಗ್ತಾನೆ. ಸುತ್ತ ಬೇಲಿ ಹಾಕಿ, ಜೊತೆಗೆ ಗಟ್ಟಿ ಗೂಟಕ್ಕೆ ಗಂಟು ಗಂಟಾಗಿರೋ ಹಗ್ಗ ಕಟ್ಟಿ ನಾಲ್ಕೂ ಕಡೆ ನೀರೊಳಗೆ ಇಳಿಬಿಡಿ, ಹಳೇ ಟೈರು ಸಿಕ್ಕಿದ್ರೆ ಏಣಿ ಥರ ಕಟ್ಟಿ. ಬಿದ್ದ ಕುರಿಗೂ ಆಗುತ್ತೆ. ನೀರು ನಿಂತ ಕಲ್ಲು ಕ್ವಾರಿನೂ ಇದೇ ಜಾತಿ, ಇಳಿಯೋಕೆ ದಾರಿ ಇದ್ರೂ ಹತ್ತೋಕೆ ಇರಲ್ಲ.

ಪ್ರಶ್ನೆ: ಕುಣಿಗಲ್ ಕಡೆಯೋರು ನಾವು. ಭಾನುವಾರ ಮಾರ್ಕೋನಹಳ್ಳಿ ಡ್ಯಾಮ್ ಕೆಳಗೆ ಮೊಣಕಾಲುದ್ದ ನೀರಲ್ಲಿ ಆಡ್ತೀವಿ, ಅದೇನು ಈಜಲ್ವಲ್ಲ?

ಉತ್ತರ: ಈಜಿಗಿಂತ ಅಪಾಯ. ಅಲ್ಲಿರೋದು ಸೈಫನ್, ಗೇಟು ತೆಗೆಯೋಕೆ ಮನುಷ್ಯ ಬೇಕಿಲ್ಲ, ಡ್ಯಾಮ್ ಒಂದು ಮಟ್ಟಕ್ಕೆ ತುಂಬಿದ ತಕ್ಷಣ ತಾನಾಗೇ ಶುರುವಾಗಿ ನೀರು ಒಮ್ಮೆಲೇ ನುಗ್ಗುತ್ತೆ. ಹರಿಯೋ ನೀರು ಮೊಣಕಾಲುದ್ದ ಇದ್ರೂ ಆಳನ್ನ ಬೀಳಿಸುತ್ತೆ. ಡ್ಯಾಮ್ ತುಂಬಿದೆ ಅಂದ್ರೆ ಮೇಲಿಂದ ನೋಡ್ಕೊಂಡು ಬನ್ನಿ. ಗುಬ್ಬಿ, ತಿಪಟೂರು ಕಡೆಯೋರು ಹೇಮಾವತಿ ನಾಲೆ ಬಗ್ಗೆ ಕೇಳಿದೀರಿ, ಸಿಮೆಂಟ್ ಇಳಿಜಾರು ಪ್ಲಸ್ ಸೆಳೆತ, ಕೃಷಿ ಹೊಂಡಕ್ಕೆ ಹೇಳಿದ್ದೇ ಅದಕ್ಕೂ.

ಪ್ರಶ್ನೆ: ನಮ್ಮೂರ ಕೆರೆ ವರ್ಷಕ್ಕೊಂದು ಬಲಿ ತಗೊಳ್ಳುತ್ತೆ ಅಂತಾರೆ, ಅದೂ ಒಂದೇ ಜಾಗದಲ್ಲಿ. ನೀವು ನಂಬ್ತೀರಾ? (ಕೊರಟಗೆರೆ ತಾಲ್ಲೂಕಿಂದ)

ಉತ್ತರ: ಒಂದೇ ಜಾಗ ಅನ್ನೋದನ್ನ ನಂಬ್ತೀನಿ. ಅಲ್ಲಿ ತೂಬೋ ಹಳೇ ಬಾವಿನೋ ಜೇಸಿಬಿ ಗುಂಡಿನೋ ಇರುತ್ತೆ, ನೀರು ಇಳಿದಾಗ ಹೋಗಿ ನೋಡಿ. ಗಂಗಮ್ಮನಿಗೆ ಮಾಡೋ ಪೂಜೆ ಮಾಡಿ, ಮರಿ ಹೊಡೆಯೋರು ಹೊಡೀರಿ, ಅದಕ್ಕೆ ನಾನು ಅಡ್ಡ ಬರಲ್ಲ. ಜೊತೆಗೆ ಆ ಗುಂಡಿ ಸುತ್ತ ನಾಲ್ಕು ಉದ್ದ ಬೊಂಬು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿ. ಬೇಸಿಗೇಲೇ ನೆಡ್ಬೇಕು, ಕೆರೆ ತುಂಬಿದ ಮೇಲೆ ಗುಂಡಿ ಯಾವ ಕಡೆ ಅಂತಾನೇ ಗೊತ್ತಾಗಲ್ಲ.