‘ನೀವೇ ನೋಡಿ ಕೊಡಿ’

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಬಂದ ಚಾಲಕರೊಬ್ಬರ ಈ ಪ್ರಕರಣ ಬರೆಯಲೋ ಬೇಡವೋ ಎಂದು ಒಂದು ಮಳೆಗಾಲ ಪೂರ್ತಿ ಹಿಂದೆಮುಂದೆ ನೋಡಿದ್ದೇನೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.54 ಲಕ್ಷ, ರಾಜ್ಯದ ಜಿಲ್ಲೆಗಳಲ್ಲೇ ಕಡಿಮೆ. ಇಲ್ಲಿ ಯಾರ ಗಾಡಿ ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿತ್ತು ಎಂಬುದು ಸಂಜೆಯೊಳಗೆ ಅಂಗಡಿಬೀದಿಗೆ ತಲುಪುತ್ತದೆ. ಹಾಗಾಗಿ ಊರು, ವಯಸ್ಸು, ಗಾಡಿ, ಮೊತ್ತ ಎಲ್ಲವನ್ನೂ ಬದಲಿಸಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ. ಬರೆಯುವುದಕ್ಕೆ ಕಾರಣ ಇಷ್ಟೆ: ಇದೇ ಗಂಟು ಹೊತ್ತು ನನ್ನ ಬಳಿ ಬಂದವರಲ್ಲಿ ಇವರು ಐದನೆಯವರು. ಹಿಂದೆ ಬಂದವರಲ್ಲಿ ಒಬ್ಬರು ಜೀಪು ಓಡಿಸುವವರು, ಒಬ್ಬರು ತೋಟದಲ್ಲಿ ಮರ ಕಪಾತು ಮಾಡಿಸುವವರು, ಒಬ್ಬಾಕೆ ಬ್ಲೌಸ್ ಹೊಲಿಯುವವರು. ದುಡಿಯುವುದರಲ್ಲಿ ಯಾರೂ ಹಿಂದಿಲ್ಲ. ದುಡಿದದ್ದಕ್ಕೆ ಇಷ್ಟು ಕೊಡಿ ಎನ್ನಲು ಮಾತ್ರ ಬಾಯಿ ಬಾರದು.

ಇವರು ಹಳದಿ ಬೋರ್ಡಿನ ಸ್ವಂತ ಕಾರು ಇಟ್ಟುಕೊಂಡ ಚಾಲಕರು. ಕಾರಿಗೆ ಸಾಲ, ತಿಂಗಳ ಕಂತು 14,300. ಹೊಟ್ಟೆ ಉರಿ, ನಿದ್ರೆ ಇಲ್ಲ ಎಂದು ಡಾಕ್ಟರ ಹತ್ತಿರ ಹೋದರೆ ಅವರು ನನ್ನ ಕಡೆ ಕಳಿಸಿದರು. ಹೆಂಡತಿ ಜೊತೆಗೇ ಬಂದಿದ್ದರು. ಮಕ್ಕಳ ಮೇಲೆ ರೇಗುತ್ತಾರೆ, ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಾರೆ ಎಂದರು. ಸಾಯುವ ಯೋಚನೆ ಬಂದಿದೆಯೇ ಎಂದು ಗಂಡನನ್ನು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ನಂಬುವ ಹಾಗೆ ಹೇಳಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ‘ಮನಸ್ಸು ನೋಡುವ ಬದಲು ಲೆಕ್ಕ ಬರೆಸಿದ್ದೀರಿ’ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ಉತ್ತರ ಬೇರೆ ಬಂದಿದ್ದರೆ ಲೆಕ್ಕದ ಪುಸ್ತಕ ಮುಟ್ಟುತ್ತಿರಲಿಲ್ಲ. ಮೊದಲು ಮನೋವೈದ್ಯರು, ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ಮೊದಲ ಎರಡು ಭೇಟಿಯಲ್ಲಿ ಹೊರಬಿದ್ದದ್ದು ಸ್ವಲ್ಪ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ನಾಲ್ಕು ದಿನ ಹಗಲೂ ರಾತ್ರಿ ಜನರನ್ನು ಸಾಗಿಸಿದ್ದರು, ಒಂದು ಪೈಸೆ ಮುಟ್ಟದೆ. ಆಮೇಲೆ ಊರು ಅವರನ್ನು ‘ದುಡ್ಡಿಗೆ ಬಾಯಿಬಿಡದವ’ ಎಂದು ಹೊಗಳಿತು. ಹೊಗಳಿಕೆಯೂ ಸಾಲದ ಹಾಗೆಯೇ, ಕಂತು ಕಟ್ಟುತ್ತಲೇ ಇರಬೇಕು. ರೈಲು ಇಲ್ಲದ ಜಿಲ್ಲೆ ಇದು. ದೊಡ್ಡ ಕಾಯಿಲೆ ಎಂದರೆ ಮೈಸೂರು, ಇಲ್ಲವೇ ಮಂಗಳೂರು. ಮಧ್ಯರಾತ್ರಿ ಯಾರ ಮನೆಯಲ್ಲಿ ಎದೆನೋವು ಬಂದರೂ ಮೊದಲು ಬಡಿಯುವ ಬಾಗಿಲು ಇವರದ್ದಾಯಿತು.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾಫಿ ತೋಟದವರ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಡಿಸೆಂಬರಿನಿಂದ ಕುಯ್ಲು, ಒಣಗಿಸಿ, ಚೀಲ ಕಟ್ಟಿ, ಬೆಲೆ ನೋಡಿ ಮಾರುವ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಬಂದಿರುತ್ತದೆ. ಅಂಗಡಿ ಬಾಕಿ, ಗೊಬ್ಬರದ ಬಾಕಿ, ಕಾರಿನ ಬಾಡಿಗೆ ಎಲ್ಲಕ್ಕೂ ಒಂದೇ ಉತ್ತರ: ‘ಕಾಫಿ ಮಾರಿದ ಮೇಲೆ ನೋಡುವ.’ ಹೇಳುವವರು ಮೋಸಗಾರರಲ್ಲ, ಅವರ ಪಂಚಾಂಗವೇ ಹಾಗೆ. ಆದರೆ ಸಾಲ ಕೊಟ್ಟವರ ಪಂಚಾಂಗದಲ್ಲಿ ಪ್ರತಿ ತಿಂಗಳೂ 5ನೇ ತಾರೀಖು ಇರುತ್ತದೆ. ಎರಡು ಪಂಚಾಂಗಗಳ ನಡುವೆ ಸಿಕ್ಕಿಕೊಂಡವರು ಇವರು.

ಮೂರನೇ ಭೇಟಿಗೆ ಬಾಡಿಗೆ ಬರೆದಿಟ್ಟ ಡೈರಿ ತನ್ನಿ ಎಂದಿದ್ದೆ. ತಂದರು. ಮಳೆಗೆ ಉಬ್ಬಿದ ಪುಟಗಳು, ಪೆನ್ಸಿಲ್ ಬರಹ. ಬಾಕಿ ಇದ್ದದ್ದು ಒಟ್ಟು 41 ಬಾಡಿಗೆ. ಕೂಡಿಸಿದರೆ 68 ಸಾವಿರ ಚಿಲ್ಲರೆ. ಹೆಚ್ಚಿನವಕ್ಕೆ ಮೊತ್ತ ಬರೆದಿತ್ತು, ಒಂದರ ಮುಂದೆ ಮಾತ್ರ ಖಾಲಿ. ‘ಇದೇನು?’ ಎಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅದು ಸಾವಿನ ಬಾಡಿಗೆ ಮೇಡಂ’ ಎಂದರು. ‘ಜುಲೈಯ ಮಳೆ. ಮರ ಬಿದ್ದು ಕರೆಂಟಿಲ್ಲ, ಫೋನಿಲ್ಲ. ಮಗ ನಡ್ಕೊಂಡೇ ಬಂದು ಕರ್ದ. ಮೈಸೂರಿಗೆ ಹೊರಟದ್ದು. ಪಿರಿಯಾಪಟ್ಟಣ ದಾಟಿದ ಮೇಲೆ ಹಿಂದೆ ಸೀಟಿಂದ ಸದ್ದೇ ಇಲ್ಲ. ಗಾಡಿ ನಿಲ್ಸಿದೆ. ಮತ್ತೆ ಗಾಡಿ ತಿರುಗಿಸಿದ್ದು ಅಷ್ಟೆ.’

‘ಎಷ್ಟಾಗಬೇಕಿತ್ತು?’

‘ಬರೀಲಿಕ್ಕೆ ಕೈ ಬರ್ಲಿಲ್ಲ. ಅಲ್ಲಿ ಒಂದು ಸಂಖ್ಯೆ ಹಾಕಿದ್ರೆ ಜೀವಕ್ಕೆ ರೇಟು ಬರ್ದ ಹಾಗೆ ಆಗ್ತದೆ.’

ಇಲ್ಲಿ ನಾನು ಸುಮ್ಮನಿರಬೇಕಿತ್ತು. ತರಬೇತಿ ಅದನ್ನೇ ಕಲಿಸುತ್ತದೆ. ಆದರೆ ಎದುರಿನ ಪುಟದಲ್ಲಿ, ಅದರ ಮೂರನೇ ದಿನಕ್ಕೆ, ‘ತಲಕಾವೇರಿ 4,000’ ಎಂದು ಒತ್ತಿ ಬರೆದದ್ದು ಕಣ್ಣಿಗೆ ಬಿತ್ತು. ಬೇರೆ ದಿನಗಳ ತಲಕಾವೇರಿ ಎಲ್ಲ 2,500. ಬೆರಳಿಟ್ಟು ತೋರಿಸಿದೆ.

ಮುಖ ಕೆಂಪಾಯಿತು. ‘ಬೆಂಗಳೂರಿನವ್ರು. ಗಂಡ ಹೆಂಡ್ತಿ, ಒಂದು ವಯಸ್ಸಾದ ಅಮ್ಮ. ಬರುವಾಗ ಕೇಳಿದ್ರು, ನೋಡಿ ಕೊಡಿ ಅಂದೆ. ಇಳಿಯುವಾಗ ನಾಲ್ಕು ಸಾವಿರ ಅಂದೆ. ಅಮ್ಮನ್ನ ಮೆಟ್ಟಿಲು ಹತ್ತಿಸಿದ್ದೇ ನಾನು, ಅದಕ್ಕೇನೋ ಜಗಳ ಆಡ್ಲಿಲ್ಲ, ಫೋನಲ್ಲೇ ಹಾಕಿ ಹೋದ್ರು.’ ಡೈರಿ ಮುಚ್ಚಿದರು. ‘ಸತ್ತವರ ಬಾಡಿಗೆ ಬದುಕಿದವರ ಹತ್ರ ಕಿತ್ಕೊಂಡೆ ಮೇಡಂ. ಅವತ್ತಿಂದ ನಿದ್ದೆ ಇಲ್ಲ.’

ನನ್ನ ಮಟ್ಟಿಗೆ ಪ್ರಕರಣ ತೆರೆದುಕೊಂಡದ್ದು ಆಗ. ನಾವೆಲ್ಲ ಇವರ ಸಂಕೋಚವನ್ನು ಒಳ್ಳೆಯತನ ಎಂದುಕೊಂಡಿದ್ದೆವು, ಅವರೂ ಹಾಗೇ ತಿಳಿದಿದ್ದರು. ಆದರೆ ಕೇಳದೆ ಉಳಿಸಿದ ದುಡ್ಡು ಎಲ್ಲಿಗೂ ಹೋಗಿರಲಿಲ್ಲ. ಸಿಟ್ಟಾಗಿ ಮಕ್ಕಳ ಮೇಲೆ, ಕಡೆಗೆ ಗುರುತಿಲ್ಲದ ಮುದುಕಿಯೊಬ್ಬಳ ಮೇಲೆ ಬಿದ್ದಿತ್ತು. ‘ನೋಡಿ ಕೊಡಿ’ ಎಂಬ ಮಾತಿನಲ್ಲಿ ವಿನಯ ಇದೆ, ನಿಜ. ಅದರೊಳಗೆ ಒಂದು ಪರೀಕ್ಷೆಯೂ ಇದೆ. ನನ್ನ ಬೆಲೆ ನಿನಗೆ ಗೊತ್ತಿದೆಯೋ ನೋಡೋಣ ಎಂಬ ಪರೀಕ್ಷೆ. ಎದುರಿನವರಿಗೆ ಪರೀಕ್ಷೆ ನಡೆಯುತ್ತಿರುವುದೇ ಗೊತ್ತಿರುವುದಿಲ್ಲ, ಫೇಲಾಗುತ್ತಾರೆ.

ಇದನ್ನು ಇಷ್ಟು ಸಲೀಸಾಗಿ ಹೇಳುವ ನಾನು ಏನು ಮಾಡಿದ್ದೆ ಗೊತ್ತೇ? ಮೊದಲ ದಿನ ಅವರ ಹೆಂಡತಿ ಫೀಸು ಎಷ್ಟೆಂದು ಕೇಳಿದಾಗ ‘ನಿಮಗೆ ಆದಷ್ಟು ಕೊಡಿ’ ಎಂದಿದ್ದೆ. ಇವರು ಅದನ್ನು ಮರೆತಿರಲಿಲ್ಲ. ಡೈರಿ ತಂದ ದಿನವೇ, ಸ್ವಲ್ಪ ನಗುತ್ತ, ನೆನಪಿಸಿದರು. ಈಗ ನನ್ನ ಮೇಜಿನ ಮೇಲೆ 400 ರೂಪಾಯಿ ಎಂದು ಬರೆದ ಚೀಟಿ ಇದೆ, ಕೊಡಲಾಗದವರು ಹೇಳಿದರೆ ಸಾಕು ಎಂಬ ಸಾಲಿನೊಂದಿಗೆ.

ಆಪ್ತಸಲಹೆಗಾರರು ಸಲಹೆ ಕೊಡಬಾರದು ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಕನ್ನಡದಲ್ಲಿ ಹೆಸರಿಟ್ಟವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣುವುದಿಲ್ಲ. ನಾನು ಸಲಹೆ ಕೊಟ್ಟೆ, ಕೊಟ್ಟದ್ದಕ್ಕೆ ಪಶ್ಚಾತ್ತಾಪ ಇಲ್ಲ.

ಬಾಗಿಲು ಹಾಕಿ ಗಾಡಿ ಹೊರಡುವ ಮೊದಲು ಮೊತ್ತ ಹೇಳಬೇಕು. ಒಂದೇ ಉಸಿರಿನಲ್ಲಿ, ಕ್ಷಮೆ ಕೇಳುವ ದನಿ ಇಲ್ಲದೆ: ಹೋಗಿ ಬರಲು ಇಷ್ಟು, ಟೋಲ್ ಪಾರ್ಕಿಂಗ್ ನಿಮ್ಮದು, ರಾತ್ರಿ ನಿಂತರೆ ಬಾಟಾ ಇಷ್ಟು. ನನ್ನೆದುರು ಹನ್ನೆರಡು ಸಲ ಹೇಳಿಸಿದೆ. ಮೊದಲ ಐದಾರು ಸಲ ‘ಇಷ್ಟು’ ಬಂದ ಕೂಡಲೇ ‘ಆದ್ರೆ ಪರವಾಗಿಲ್ಲ’ ಎಂದು ತಾವೇ ಸೇರಿಸುತ್ತಿದ್ದರು. ದೂರದ ಬಾಡಿಗೆಗೆ ಡೀಸೆಲಿನಷ್ಟು ಮುಂಗಡ. ಒಳಗಿನ ತೋಟಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ‘ಆಮೇಲೆ ಹಾಕ್ತೇನೆ’ ಅಲ್ಲೇ ಹುಟ್ಟುವುದು. ಹಾಗಾಗಿ ಮುಖ್ಯರಸ್ತೆ ಬಿಟ್ಟು ತಿರುಗುವ ಮೊದಲೇ ದುಡ್ಡು ಹಾಕಿಸಿಕೊಳ್ಳುವುದು. ಪ್ರಯಾಣಿಕರ ಫೋನಿನ ಹಸಿರು ಗುರುತು ನೋಡಿ ಬಿಡುವುದಲ್ಲ, ತಮ್ಮ ಖಾತೆಗೆ ಬಂದದ್ದನ್ನು ತಮ್ಮ ಫೋನಿನಲ್ಲೇ ನೋಡುವುದು. ನಕಲಿ ಸ್ಕ್ರೀನ್‌ಶಾಟ್‌ಗೆ ಒಮ್ಮೆ 3,500 ಕಳೆದುಕೊಂಡಿದ್ದರು, ನಾಚಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ. ದುಡ್ಡು ಪಡೆಯಲು ಪಿನ್ ಒತ್ತಬೇಕಿಲ್ಲ, ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನೂ ಅಂದೇ ಹೇಳಿದೆ.

ಕಾಫಿ ಮಾರುವ ತನಕ ಊರಿನವರಿಗೆ ಬಾಕಿ ಬಿಡುವುದಾದರೆ ಬಿಡಲಿ, ಅದು ಇವರ ಇಷ್ಟ. ಆದರೆ ಮೊತ್ತ ಅವತ್ತೇ ಇಬ್ಬರ ಫೋನಿನಲ್ಲೂ ಬರಹದಲ್ಲಿ ಇರಬೇಕು.

ಆಸ್ಪತ್ರೆಯ ಬಾಡಿಗೆ? ಅದಕ್ಕೆ ಈ ನಿಯಮ ಬೇಡ ಎಂದೆ. ಎದೆ ಹಿಡಿದು ಕೂತವರ ಮುಂದೆ ರೇಟು ಹೇಳುವುದು ಯಾವ ಧರ್ಮವೂ ಅಲ್ಲ. ಅಂಥದ್ದಕ್ಕೆ ಆಮೇಲೆ ಒಂದು ಮೆಸೇಜು. ಸಾವಾಗಿದ್ದರೆ ಹನ್ನೊಂದರ ಕಾರ್ಯ ಕಳೆದ ಮೇಲೆ. ಡೈರಿಯಲ್ಲಿ ಮೂರು ಕಾಲಂ ಎಳೆಸಿದೆ: ಹೇಳಿದ್ದು, ಬಂದದ್ದು, ಬಿಟ್ಟದ್ದು. ಬಿಡುವುದಾದರೆ ಮೊತ್ತ ಬರೆದೇ ಬಿಡಿ ಎಂದೆ. ಖಾಲಿ ಬಿಟ್ಟದ್ದು ದಾನವಲ್ಲ, ಅದು ರಾತ್ರಿ ಎಬ್ಬಿಸುತ್ತದೆ.

ಆ ಖಾಲಿ ಜಾಗದಲ್ಲಿ ಅವರು 4,200 ಎಂದು ಬರೆದರು. ಮೆಸೇಜನ್ನು ಇಬ್ಬರೂ ಕೂತು ಬರೆದೆವು, ನಾಲ್ಕು ಸಾಲು. ನನಗೆ ಇವತ್ತಿಗೂ ಕಾಡುವುದು ಅದೇ. ಎರಡು ವಾರದ ಮೇಲೆ ಆ ಮನೆಯ ಹುಡುಗನೊಬ್ಬ ಬಂದು 2,000 ಕೈಗಿಟ್ಟು ಹೋದನಂತೆ. ಮಾತಿಲ್ಲ. ಆಮೇಲೆ ಆ ಮನೆಯವರು ಇವರ ಗಾಡಿ ಕರೆದಿಲ್ಲ, ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಾರೆ. ಉಳಿದ 2,200 ಮೂರನೇ ಕಾಲಂಗೆ ಹೋಯಿತು. ಸಲಹೆ ತಪ್ಪಾಗಿತ್ತೇ? ನನ್ನ ಸಹೋದ್ಯೋಗಿ ಹೌದು ಎನ್ನುತ್ತಾರೆ. ಕೇಳದಿದ್ದರೂ ಆ ಮನೆಯವರು ಋಣದ ಭಾರಕ್ಕೆ ಮುಖ ತಪ್ಪಿಸುತ್ತಿದ್ದರು ಎಂದು ನಾನು ವಾದಿಸುತ್ತೇನೆ, ಆದರೆ ವಾದಿಸುವಾಗ ನನ್ನ ದನಿ ಬೇಕಾದ್ದಕ್ಕಿಂತ ಏರುತ್ತದೆ. ಹಳೆಯ ಬಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿದೆ. ನಿದ್ರೆ ಮರಳಿದೆ, ಪೂರ್ತಿ ಅಲ್ಲ.

ಕೊನೆಯ ಭೇಟಿಗೆ ಬಂದಾಗ ಇನ್ನೊಂದು ಸುದ್ದಿ ತಂದಿದ್ದರು. ನಾನು ಹೇಳಿರಲಿಲ್ಲ, ತಾವೇ ಫೋನಿನಲ್ಲಿ ಹಳೆಯ ಪಾವತಿ ಹುಡುಕಿ ಆ ಬೆಂಗಳೂರಿನವರಿಗೆ 1,500 ವಾಪಸ್ ಹಾಕಿದ್ದರು. ಐದು ನಿಮಿಷದಲ್ಲಿ ಫೋನ್ ಬಂತಂತೆ. ಯಾರು ನೀವು, ಯಾಕೆ ದುಡ್ಡು ಹಾಕಿದಿರಿ, ಇದೇನು ಹೊಸ ಮೋಸವೇ ಎಂದು. ಇವರು ತಲಕಾವೇರಿ, ಅಮ್ಮ, ಮೆಟ್ಟಿಲು ಎಂದೆಲ್ಲ ವಿವರಿಸುತ್ತಿದ್ದಂತೆ ಆ ಕಡೆಯವರು ಹೆದರಿ, ದುಡ್ಡು ಹಿಂದಕ್ಕೆ ಕಳಿಸಿ, ನಂಬರ್ ಬ್ಲಾಕ್ ಮಾಡಿದರು.

ಡೈರಿ ತೆರೆದು, ಪೆನ್ಸಿಲ್ ಹಿಡಿದು ಕೇಳಿದರು: ‘ಇದನ್ನ ಯಾವ ಕಾಲಂನಲ್ಲಿ ಬರೀಲಿ ಮೇಡಂ?’